ಪರೀಕ್ಷಕರೂ ಸಾಲಿನಲ್ಲಿದ್ದಾರೆ

ಚಾಲನಾ ಪರೀಕ್ಷೆಗಾಗಿ ಕಾಯುವುದೂ ಚಾಲನಾ ಪರೀಕ್ಷೆಯ ಒಂದು ಅಂಗವೇ ಎಂದು ಸಾರಿಗೆ ಕಚೇರಿಯು ಸಾರ್ವಜನಿಕರ ಹಿತದೃಷ್ಟಿಯಿಂದ ತೀರ್ಮಾನಿಸಿದೆ. ಈ ತೀರ್ಮಾನವನ್ನು ಕಚೇರಿಯ ಗೋಡೆಗೆ ಅಂಟಿಸಿದ ಬೆಳಿಗ್ಗೆ, ಗುಡ್ಡದ ಮೇಲಿನ ಚಿಕಿತ್ಸಾಲಯದ ದಾದಿ ತನ್ನ ಕಲಿಕಾ ಲೈಸೆನ್ಸನ್ನು ಮತ್ತೊಮ್ಮೆ ನವೀಕರಿಸಿಕೊಂಡು ಬಂದು ಅದೇ ಗೋಡೆಯ ಕೆಳಗಿನ ಬೆಂಚಿನ ಮೇಲೆ ಕೂತಿದ್ದಳು. ಪರೀಕ್ಷೆಯ ಸರದಿ ಬರುವಷ್ಟರಲ್ಲಿ ಕಲಿಕಾ ಲೈಸೆನ್ಸಿನ ಅವಧಿ ಮುಗಿಯುತ್ತದೆ. ನವೀಕರಿಸಿದರೆ ಹಳೆಯ ಸರದಿ ರದ್ದಾಗಿ ಸಾಲಿನ ಕೊನೆಗೆ ಹೋಗಬೇಕಾಗುತ್ತದೆ. ಇದರಲ್ಲಿ ತಪ್ಪು ಹುಡುಕುವವರು ಒಮ್ಮೆಯೂ ಕಚೇರಿಯ ಕಷ್ಟವನ್ನು ಯೋಚಿಸಿದವರಲ್ಲ.

ದಾದಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂದು ಅವಳ ಹಗೆಗಳೂ ಹೇಳಲಾರರು. ಅಪ್ಪ ಲಾರಿ ಡ್ರೈವರ್ ಆಗಿದ್ದವರು. ಕಾಲು ಕ್ಲಚ್ಚಿಗೆ ಎಟುಕಿದ ವಯಸ್ಸಿನಿಂದ ಅವರ ಪಕ್ಕ ಕೂತು ಕಲಿತವಳು. ತುಂಬಿದ ಲಾರಿಯನ್ನು ಸಂದಿಯೊಳಗೆ ರಿವರ್ಸ್ ತೆಗೆಯುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಬೇಕಾಗಿದ್ದದ್ದು ಅದನ್ನು ಒಪ್ಪುವ ಒಂದು ಕಾರ್ಡು ಮಾತ್ರ.

ಅದು ಬೇಕಾಗಿದ್ದದ್ದಕ್ಕೂ ಕಾರಣವಿತ್ತು. ಚಿಕಿತ್ಸಾಲಯಕ್ಕೆ ಯಾರೋ ಪುಣ್ಯಾತ್ಮರು ಒಂದು ವ್ಯಾನ್ ಕೊಟ್ಟಿದ್ದರು, ಡ್ರೈವರನ್ನು ಕೊಟ್ಟಿರಲಿಲ್ಲ. ಗುಡ್ಡದ ಮನೆಗಳಲ್ಲಿ ಹೆರಿಗೆ ನೋವು ಬಂದ ಹೆಂಗಸರನ್ನು ಇಂದಿಗೂ ಕುರ್ಚಿಯ ಮೇಲೆ ಕೂರಿಸಿ ನಾಲ್ಕು ಜನ ಹೊತ್ತು ತರುತ್ತಿದ್ದರು. ವ್ಯಾನು ಶೆಡ್ಡಿನೊಳಗೆ ಅಂದವಾಗಿ ನಿಂತಿತ್ತು. ಡಾಕ್ಟರು ದಾದಿಯನ್ನು ಕರೆದು, "ನೋಡಮ್ಮಾ, ಈ ವ್ಯಾನ್ ಓಡಿಸೋರಿಗೆ ಕೆಲಸ ಕಾಯಂ, ಜೊತೆಗೆ ಇರೋಕೆ ಕ್ವಾರ್ಟರ್ಸು. ವರ್ಷ ಮುಗಿಯೋದ್ರೊಳಗೆ ಲೈಸೆನ್ಸ್ ತಂದ್ರೆ ಅದು ನಿಂದೇ. ಇಲ್ಲಾಂದ್ರೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ, ಬೇಜಾರು ಮಾಡ್ಕೋಬೇಡ" ಎಂದಿದ್ದರು. ದಾದಿಯದು ಹಂಗಾಮಿ ಕೆಲಸ. ಮನೆಯೆಂದರೆ ಒಂದೇ ಕೋಣೆ. ನಡುವೆ ಸೀರೆ ಕಟ್ಟಿ, ಆಚೆ ಅತ್ತೆ, ಈಚೆ ಗಂಡ ಹೆಂಡತಿ. ಎರಡು ಕೋಣೆಯ ಆ ಕ್ವಾರ್ಟರ್ಸನ್ನು ಅವಳು ಆಗಲೇ ಮನಸ್ಸಿನಲ್ಲಿ ಗುಡಿಸಿ ಸಾರಿಸಿ ಮುಗಿಸಿದ್ದಳು.

"ಏನಮ್ಮಾ, ಇವತ್ತೂ ಕೂತು ಎದ್ದು ಬಂದ್ಯಾ?" ಎಂದು ಅತ್ತೆ ಸೀರೆಯ ಆಚೆಯಿಂದ ಕೇಳುತ್ತಿದ್ದರು.

"ಹೂಂ ಅತ್ತೆ."

"ಅಲ್ಲಾ, ಇಷ್ಟು ದಿನದಲ್ಲಿ ನಿನ್ನ ಗಂಡ ಹುಟ್ಟಿ, ತೆವಳಿ, ಎದ್ದು ಓಡಾಡ್ತಿದ್ದ ಕಣೇ!"

ಇನ್ನು ಗೋಡೆಯ ಮೇಲಿನ ಪ್ರಕಟಣೆಯ ವಿಚಾರ. ಕಾಯುವವರು ಬೆನ್ನು ನೆಟ್ಟಗಿಟ್ಟು ಕೂರತಕ್ಕದ್ದು. ನಿಟ್ಟುಸಿರನ್ನು ಹಾರ್ನ್ ಎಂದು ಪರಿಗಣಿಸಲಾಗುವುದು. ಗಡಿಯಾರವನ್ನು ಪದೇ ಪದೇ ನೋಡುವುದು ಅತಿವೇಗದ ಲಕ್ಷಣ. ಮುಂದಿನವರನ್ನು ಮಾತಾಡಿಸುವಾಗ ಸೂಕ್ತ ಸಂಜ್ಞೆ ನೀಡತಕ್ಕದ್ದು. ಪ್ರಕಟಣೆಯ ಅಂಟು ಒಣಗುವ ಮೊದಲೇ ಎದುರು ಬೀದಿಯ ಡ್ರೈವಿಂಗ್ ಸ್ಕೂಲಿನ ಯಜಮಾನ "ಇಲ್ಲಿ ಕಾಯುವುದನ್ನು ಶಾಸ್ತ್ರೀಯವಾಗಿ ಕಲಿಸಿಕೊಡಲಾಗುವುದು" ಎಂದು ಬೋರ್ಡು ಬರೆಸಿದ. ಇದ್ದ ಎರಡು ಕಾರನ್ನೂ ಮಾರಿ ಬೆಂಚು ಕೊಂಡ. ಪೆಟ್ರೋಲ್ ಖರ್ಚಿಲ್ಲದ ಕಸುಬು, ದಿನವಿಡೀ ಕ್ಲಾಸು ತುಂಬಿರುತ್ತಿತ್ತು. ಲಜ್ಜೆ ಎನ್ನುವುದು ಎಲ್ಲರಿಗೂ ಒಗ್ಗುವ ಪದಾರ್ಥವಲ್ಲ.

ದಾದಿಯ ಹಿಂದೆ ಒಬ್ಬ ಹಿರಿಯರು ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು, ಬೆನ್ನು ನಿಯಮದಲ್ಲಿ ಹೇಳಿದಷ್ಟೇ ನೆಟ್ಟಗೆ. ಗುಮಾಸ್ತರು ಹೋಗುವಾಗ ಬರುವಾಗ ಅವರಿಗೆ ಕೈ ಮುಗಿಯುತ್ತಿದ್ದರು. ಕೂತು ಕೂತು ಬೇಸತ್ತ ದಾದಿ ಅವರ ಜೊತೆ ಮಾತಿಗಿಳಿದು ವ್ಯಾನು, ಕಾಯಂ ಕೆಲಸ, ಕ್ವಾರ್ಟರ್ಸು ಎಲ್ಲವನ್ನೂ ಹೇಳಿಕೊಂಡಳು. ಅವರು ಕಿವಿಗೊಟ್ಟು ಕೇಳಿದರು. ಕ್ವಾರ್ಟರ್ಸಿನಲ್ಲಿ ನೀರು ಚೆನ್ನಾಗಿ ಬರುತ್ತದೆಯೇ ಎಂದೂ ವಿಚಾರಿಸಿದರು.

"ಬರುತ್ತೆ ಸಾರ್. ಆದ್ರೆ ಆ ಹಾಳು ಪರೀಕ್ಷಕ ಎಲ್ಲಿ ಸತ್ತಿದ್ದಾನೋ ಗೊತ್ತಿಲ್ಲ. ಒಂದು ದಿನವೂ ಮುಖ ತೋರಿಸಿಲ್ಲ!"

"ನಾನೇಮ್ಮಾ ಅದು" ಎಂದರು ಹಿರಿಯರು.

ದಾದಿ ಕಣ್ಣು ಕಣ್ಣು ಬಿಟ್ಟಳು.

ಅವರು ಸಮಾಧಾನದಿಂದ ವಿವರಿಸಿದರು. ಕಚೇರಿಗೆ ಇರುವುದು ಒಂದೇ ಪರೀಕ್ಷಕ ಹುದ್ದೆ, ಅದು ಅವರದು. ಊರಿನವರ ಪರೀಕ್ಷೆ ಮಾಡುವ ಗಡಿಬಿಡಿಯಲ್ಲಿ ತಮ್ಮದೇ ಲೈಸೆನ್ಸಿನ ಅವಧಿ ಮುಗಿದದ್ದು ಅವರ ಗಮನಕ್ಕೆ ಬರಲಿಲ್ಲ. ಲೈಸೆನ್ಸ್ ಇಲ್ಲದವರು ಪರೀಕ್ಷೆ ಮಾಡುವಂತಿಲ್ಲ. ಲೈಸೆನ್ಸ್ ಬೇಕೆಂದರೆ ಪರೀಕ್ಷೆ ಕೊಡಬೇಕು. ಪರೀಕ್ಷೆ ಮಾಡಬೇಕಾದವರು ಅವರೇ. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ನಿಯಮಬಾಹಿರ. ಹಾಗಾಗಿ ಸಾಲಿನಲ್ಲಿ ಕೂತಿದ್ದಾರೆ.

"ಹಾಗಾದ್ರೆ ನಾವೆಲ್ಲಾ ನಿಮಗೆ ಕಾಯ್ತಿದ್ದೀವಿ, ನೀವು..."

"ನಾನೂ ನನಗೇ ಕಾಯ್ತಿದ್ದೀನಿ. ಮೊದಮೊದಲು ಕಷ್ಟ ಆಯ್ತು. ಈಗ ರೂಢಿಯಾಗಿದೆ."

ದಾದಿಗೆ ರೇಗಿಹೋಯಿತು. ಸೂಕ್ತ ಸಂಜ್ಞೆಯನ್ನೂ ನೀಡದೆ ಎದ್ದು ಮುಖ್ಯಾಧಿಕಾರಿಗಳ ಕೋಣೆಗೆ ನುಗ್ಗಿದಳು. ಅವರು ಕಿಟಕಿಯ ಬಳಿ ನಿಂತು ಸಾಲಿನ ಉದ್ದವನ್ನು ಪ್ರೀತಿಯಿಂದ ನೋಡುತ್ತಿದ್ದರು.

"ಸಾರ್, ಬೇರೆ ಊರಿಂದ ಒಬ್ಬ ಪರೀಕ್ಷಕರನ್ನ ಕರೆಸೋಕಾಗಲ್ವಾ?"

"ಯಾಕಾಗಲ್ಲ? ಪತ್ರ ಬರೆದಿದ್ದೀವಿ. ಪತ್ರ ತಲುಪಿತು ಅಂತ ಅವರೂ ಪತ್ರ ಬರೆದಿದ್ದಾರೆ. ಎರಡು ಕಚೇರಿ ನಡುವೆ ಬಾಂಧವ್ಯ ತುಂಬಾ ಚೆನ್ನಾಗಿದೆಯಮ್ಮಾ."

"ಅಯ್ಯೋ, ಯಾರಾದ್ರೂ ಒಬ್ಬರು ಪಕ್ಕದಲ್ಲಿ ಕೂತು, ನಮ್ಮ ಪರೀಕ್ಷಕರು ಓಡಿಸೋದನ್ನ ನೋಡಿ ಸಹಿ ಹಾಕಿದ್ರೆ ಮುಗೀತಲ್ಲ ಸಾರ್! ಅದೇನು ಬ್ರಹ್ಮವಿದ್ಯೆನಾ?"

ಮುಖ್ಯಾಧಿಕಾರಿಗಳು ಕುರ್ಚಿಯಲ್ಲಿ ಕೂತು ಯೋಚಿಸಿದರು. ಇಷ್ಟು ವರ್ಷಗಳಲ್ಲಿ ಆ ಕೋಣೆಯಲ್ಲಿ ಯಾರೂ ಯೋಚಿಸಿರಲಿಲ್ಲವಾದ್ದರಿಂದ ಜವಾನ ಗಾಬರಿಯಾಗಿ ಒಂದು ಲೋಟ ನೀರು ತಂದಿಟ್ಟ. ಆಮೇಲೆ ಅಪ್ಪಣೆ ಹೊರಟಿತು: ಪರೀಕ್ಷಕರು ಪಕ್ಕದ ಸೀಟಿನಲ್ಲಿ ಕೂರುವವರೇ ಹೊರತು ಗಾಡಿ ಓಡಿಸುವವರಲ್ಲ, ಆದ ಕಾರಣ ತಾತ್ಕಾಲಿಕ ಪರೀಕ್ಷಕರಿಗೆ ಲೈಸೆನ್ಸಿನ ಅಗತ್ಯವಿಲ್ಲ, ಕೂರುವ ಅನುಭವ ಸಾಕು. ಕೂರುವ ಅನುಭವದಲ್ಲಿ ದಾದಿಯನ್ನು ಮೀರಿಸುವವರು ಇರಲಿಲ್ಲ. ಒಂದು ಮಧ್ಯಾಹ್ನದ ಮಟ್ಟಿಗೆ ಅವಳನ್ನೇ ಪರೀಕ್ಷಕಳನ್ನಾಗಿ ನೇಮಿಸಲಾಯಿತು.

ಊಟವಾದ ಮೇಲೆ ಹಿರಿಯರು ಕಚೇರಿಯ ಗಾಡಿಯ ಸ್ಟೀರಿಂಗ್ ಹಿಡಿದರು. ಕನ್ನಡಿ ನೋಡಿದರು, ಬೆಲ್ಟು ಹಾಕಿದರು, ಕೈ ಹೊರಗೆ ಚಾಚಿ ಸಂಜ್ಞೆ ಕೊಟ್ಟರು. ಇಷ್ಟನ್ನು ಅವರಷ್ಟು ಚೆನ್ನಾಗಿ ಮಾಡುವವರು ಆ ಪ್ರಾಂತ್ಯದಲ್ಲೇ ಇಲ್ಲ. ಆಮೇಲೆ ಗಾಡಿ ಹೊರಟಿತು. ಜೀವಮಾನವೆಲ್ಲ ಪಕ್ಕದ ಸೀಟಿನಲ್ಲಿ ಕೂತು ಇತರರ ತಪ್ಪು ಬರೆದುಕೊಂಡವರಿಗೆ ತಪ್ಪುಗಳು ಮಾತ್ರ ಬಾಯಿಪಾಠವಾಗಿದ್ದವು. ಒಂದನ್ನೂ ಬಿಡದೆ ಎಲ್ಲವನ್ನೂ ಮಾಡಿದರು. ಏರಿನಲ್ಲಿ ಹಿಂದಕ್ಕೆ ಜಾರಿದರು, ತಿರುವಿನಲ್ಲಿ ಎಂಜಿನ್ ಆಫ್ ಮಾಡಿದರು, ಕೊನೆಗೆ ರಿವರ್ಸ್ ತೆಗೆಯುವಾಗ ಕಚೇರಿಯ ಗೋಡೆಗೇ ಗುದ್ದಿದರು. ಕಾಯುವವರ ಪ್ರಕಟಣೆ ಕೆಳಗೆ ಬಿತ್ತು. ಸಾಲಿನಲ್ಲಿದ್ದವರು ಯಾರೂ ನಿಟ್ಟುಸಿರು ಬಿಡಲಿಲ್ಲ, ಅಷ್ಟು ಒಳ್ಳೆಯ ತರಬೇತಿಯಾಗಿತ್ತು.

ದಾದಿಯ ಕೈಯಲ್ಲಿ ಪೆನ್ನಿತ್ತು. ಫೇಲು ಎಂದು ಬರೆದರೆ ಹಿರಿಯರು ಮತ್ತೆ ಸಾಲಿನ ಕೊನೆಗೆ, ಅವಳ ಪರೀಕ್ಷೆ ದೇವರಿಗೇ ಪ್ರೀತಿ, ವರ್ಷದ ಕೊನೆ ಬಾಗಿಲಲ್ಲೇ ನಿಂತಿದೆ. ಪಾಸು ಎಂದು ಬರೆದರೆ ಇವರು ಇವತ್ತೇ ಪರೀಕ್ಷಕರು, ಇವತ್ತೇ ಅವಳ ಪರೀಕ್ಷೆ. ಗೋಡೆ ನೋಡಿದಳು. ಕುರ್ಚಿಯಲ್ಲಿ ಕೂತು ಹಲ್ಲು ಕಚ್ಚಿಕೊಂಡು ಗುಡ್ಡ ಇಳಿಯುವ ಬಸುರಿಯರು ಕಣ್ಣ ಮುಂದೆ ಬಂದರು. ಸೀರೆಯ ಆಚೆ ಕೆಮ್ಮುವ ಅತ್ತೆಯೂ ಬಂದರು. ನಾಚಿಕೆಯಿಂದ ಮುಖ ಕೆಂಪಗಾಯಿತು. ಪಾಸು ಎಂದು ಬರೆದಳು.

"ಧನ್ಯವಾದಮ್ಮಾ. ಈಗ ಸೀಟು ಬದಲಾಯಿಸೋಣ" ಎಂದರು ಹಿರಿಯರು ಕೆಂಪು ಪೆನ್ನು ತೆಗೆಯುತ್ತಾ.

ಅವಳು ಓಡಿಸಿದಳು. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಏರು ಹತ್ತಿದ್ದು ತಿಳಿಯಲಿಲ್ಲ, ತಿರುವು ಬಂದದ್ದು ತಿಳಿಯಲಿಲ್ಲ. ರಿವರ್ಸಿನಲ್ಲಿ ಬಂದ ಗಾಡಿ ಗೋಡೆಗೆ ಒಂದು ಗೇಣಿನ ದೂರದಲ್ಲಿ ಮೆಲ್ಲಗೆ ನಿಂತಿತು. ಹಿರಿಯರು ತಲೆದೂಗಿದರು. ತಲೆದೂಗುತ್ತಲೇ ಬರೆದರು: ಫೇಲು.

"ಸಾರ್! ಎಲ್ಲಿ ತಪ್ಪು ಮಾಡಿದೆ?"

"ಓಡಿಸೋದ್ರಲ್ಲಿ ಒಂದೂ ಇಲ್ಲಮ್ಮಾ. ಆದ್ರೆ ಗೋಡೆಗೆ ಗುದ್ದಿದವನನ್ನ ಈಗ ತಾನೇ ನೀವು ಪಾಸು ಮಾಡಿದ್ರಲ್ಲ? ಅಂಥವರಿಗೆ ರಸ್ತೆ ಮೇಲೆ ಸರಿಯಾದ ತೀರ್ಮಾನ ತಗೊಳ್ಳೋ ಶಕ್ತಿ ಇದೆ ಅಂತ ನಾನು ಹೇಗೆ ಸಹಿ ಹಾಕಲಿ? ನನ್ನ ಮನಸ್ಸಾಕ್ಷಿ ಒಪ್ಪಲ್ಲ."

"ನನ್ನನ್ನ ಫೇಲ್ ಮಾಡೋಕೆ ನಿಮ್ಮ ಹತ್ರ ಇರೋ ಅಧಿಕಾರ ನಾನೇ ಕೊಟ್ಟಿದ್ದಲ್ವಾ ಸಾರ್?"

"ಹೌದಮ್ಮಾ. ಅದಕ್ಕೇ ಇಷ್ಟು ನೋವಾಗ್ತಿದೆ."

ಮುಖ್ಯಾಧಿಕಾರಿಗಳು ಗುಮಾಸ್ತರನ್ನೆಲ್ಲ ಕರೆದು ಪರೀಕ್ಷಕರ ನಿಷ್ಪಕ್ಷಪಾತವನ್ನು ಕೊಂಡಾಡಿದರು. ಸಾಲಿನಲ್ಲಿದ್ದವರೂ ಚಪ್ಪಾಳೆ ತಟ್ಟಿದರು. ಉಪಕಾರ ಮಾಡಿದವಳನ್ನೂ ಬಿಡದ ಇಂಥ ಪ್ರಾಮಾಣಿಕರು ಸಿಗುವುದು ಅಪರೂಪ ಎಂದು ಎಲ್ಲರ ಹೊಟ್ಟೆಗೂ ಹಾಲು ಹೊಯ್ದಂತಾಯಿತು. ಮರುದಿನ ಬೆಳಿಗ್ಗೆ ಆ ಪ್ರಾಮಾಣಿಕರು ಹುದ್ದೆಗೆ ರಾಜೀನಾಮೆ ಕೊಟ್ಟು, ಚಾಲ್ತಿಯಲ್ಲಿರುವ ಲೈಸೆನ್ಸನ್ನು ಜೇಬಿನಲ್ಲಿಟ್ಟುಕೊಂಡು, ನೆಟ್ಟಗೆ ಗುಡ್ಡ ಹತ್ತಿ ಡಾಕ್ಟರ ಮುಂದೆ ನಿಂತರು. ಡಾಕ್ಟರಿಗೆ ಬೇಕಾದದ್ದು ಕಾರ್ಡು, ಅದು ಇತ್ತು. ಕಾಯಂ ಕೆಲಸವೂ ಕ್ವಾರ್ಟರ್ಸೂ ಅಂದೇ ಅವರದಾದವು. ಅತ್ತ ಕಚೇರಿಯಲ್ಲಿ ಪರೀಕ್ಷಕರ ಹುದ್ದೆ ಖಾಲಿಯಾಗಿರುವುದರಿಂದ ಸಾಲಿಗೆ ಇನ್ನು ಯಾವ ಅಡಚಣೆಯೂ ಇಲ್ಲ ಎಂದು ಮುಖ್ಯಾಧಿಕಾರಿಗಳು ಪ್ರಕಟಿಸಿದರು.

ವಿಷಯ ಕೇಳಿ ಅತ್ತೆ, "ಹೋಗಲಿ ಬಿಡು, ಆ ಮನೇಲಿ ನೀರಾದ್ರೂ ಬರುತ್ತಂತಲ್ಲ, ಯಾರೋ ಒಬ್ಬರು ಸುಖವಾಗಿರಲಿ" ಎಂದರು. ದಾದಿ ಅವತ್ತು ಸೀರೆಯ ಈಚೆ ಮುಖ ಮುಚ್ಚಿಕೊಂಡು ಅತ್ತಳು.

ಈಗ ವ್ಯಾನು ಶೆಡ್ಡಿನಿಂದ ಹೊರಬಂದಿದೆ. ಅದರ ನಾಲ್ಕು ಮೂಲೆಗಳೂ ನಜ್ಜುಗುಜ್ಜಾಗಿವೆ. ಹಂಗಾಮಿ ದಾದಿ ಪಕ್ಕದ ಸೀಟಿನಲ್ಲಿ ಕೂತು, "ಸಾರ್, ಕ್ಲಚ್ಚು... ಸಾರ್, ಬ್ರೇಕು... ಅಯ್ಯೋ ಸಾರ್, ಮರ!" ಎನ್ನುತ್ತಿರುತ್ತಾಳೆ. ಹಿರಿಯರು ಸಂಜ್ಞೆಗಳನ್ನು ಮಾತ್ರ ಎಂದೂ ತಪ್ಪಿಸುವುದಿಲ್ಲ. ಮೊನ್ನೆ ಗುಡ್ಡದ ಇಳಿಜಾರಿನಲ್ಲಿ ವ್ಯಾನು ಓಲಾಡುತ್ತಾ ಬರುವಾಗ, ಹಿಂದೆ ಮಲಗಿದ್ದ ಬಸುರಿ ಎರಡೂ ಕೈಯಲ್ಲಿ ಕಂಬಿ ಹಿಡಿದು ನೋವಿನ ನಡುವೆಯೇ ಕೂಗಿದಳು.

"ಸಿಸ್ಟರ್, ಇವರಿಗೆ ಡ್ರೈವಿಂಗ್ ಬರುತ್ತಾ?"

ದಾದಿ ತಿರುಗಿ ನೋಡಿದಳು. "ಲೈಸೆನ್ಸ್ ಇದೆಯಮ್ಮಾ" ಎಂದಳು.

"ಅಬ್ಬಾ, ಹಾಗಾದ್ರೆ ಸರಿ" ಎಂದು ಅವಳು ನಿಶ್ಚಿಂತೆಯಿಂದ ಕಂಬಿ ಬಿಟ್ಟಳು.