ಬೀಗರಿಗೆ ನಾನು ವಿಲನ್ ಅಂದದ್ದು

ಮನುಷ್ಯನಾದವನಿಗೆ ಒಂದಾದರೂ ಚಟ ಇದ್ದೇ ಇರುತ್ತದೆ. ಕೆಲವರಿಗೆ ತಂಬಾಕು, ಕೆಲವರಿಗೆ ಇಸ್ಪೀಟು, ಇನ್ನು ಕೆಲವರಿಗೆ ಮಂದಿ ಮನೆಯ ಸುದ್ದಿ. ನನ್ನ ಚಟಕ್ಕೆ ಖರ್ಚಿಲ್ಲ, ವಾಸನೆಯೂ ಇಲ್ಲ. ಆದರೂ ನನ್ನ ಮನೆಯವರು ನಾನು ತಂಬಾಕನ್ನಾದರೂ ತಿನ್ನಬಾರದಿತ್ತೇ ಎಂದು ಎಷ್ಟೋ ಸಲ ಹಲುಬಿದ್ದಾರೆ. ಯಾವುದಾದರೂ ಇಂಗ್ಲಿಷ್ ಶಬ್ದ ಕಿವಿಗೆ ಬಿದ್ದರೆ ಸಾಕು, ಅದರ ಅಪ್ಪ ಯಾರು, ಅಜ್ಜ ಯಾರು, ಹುಟ್ಟಿದಾಗ ಅದರ ಅರ್ಥವೇನಿತ್ತು, ಆಮೇಲೆ ಯಾರ ಸಹವಾಸದಿಂದ ಕೆಟ್ಟಿತು ಅಥವಾ ಸುಧಾರಿಸಿತು ಎಂಬುದನ್ನೆಲ್ಲ ವಿಚಾರಿಸದೆ ನನಗೆ ಸಮಾಧಾನವಿಲ್ಲ. ವಿಚಾರಿಸಿದ್ದನ್ನು ಎದುರಿಗಿದ್ದವರಿಗೆ ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ. ಭಾಲ್ಕಿಯ ಕಾಲೇಜೊಂದರಲ್ಲಿ ಬಹಳ ವರ್ಷ ಇಂಗ್ಲಿಷ್ ಕಲಿಸಿದೆ. ಬೀದರದಿಂದ ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದೆ. ಎಷ್ಟೇ ಗದ್ದಲವಿದ್ದರೂ ನನ್ನ ಎದುರಿನ ಸೀಟು ಖಾಲಿ ಇರುತ್ತಿತ್ತು. ಮೇಷ್ಟ್ರೆಂದು ನನಗೆ ಮರ್ಯಾದೆ ಕೊಡುತ್ತಾರೆಂದು ನಾನು ತಿಳಿದಿದ್ದೆ. ನಿವೃತ್ತಿಯ ದಿನ ಸಹಪ್ರಯಾಣಿಕರೊಬ್ಬರು ಹಾರ ಹಾಕಿ, "ನಾಳಿಂದ ಕುಂತು ಹೋಗ್ತೇವ್ರಿ ಸರ್" ಎಂದು ಸಂತೋಷದಿಂದ ಹೇಳಿದಾಗ ನಿಜ ತಿಳಿಯಿತು.

ಈ ಚಟದ ಮೊದಲ ಪೆಟ್ಟು ತಿಂದವಳು ನನ್ನ ಹೆಂಡತಿ ಕಮಲಾ. ಮದುವೆಯಾದ ಹೊಸದರಲ್ಲಿ ಒಂದು ದಿನ ಗೋದಿ ಹುಗ್ಗಿ ಮಾಡಿದ್ದಳು. ನಾನು ಬಾಯಿ ಚಪ್ಪರಿಸಿ 'ನೈಸ್' ಎಂದೆ. ಆಕೆಯ ಮುಖ ಅರಳಿತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಸುಖವಾದ ಸಂಸಾರಿಯಾಗಿರುತ್ತಿದ್ದೆ. ಆದರೆ ನನ್ನ ನಾಲಿಗೆ, "ಈ ನೈಸ್ ಅನ್ನೋದರ ಮೊದಲನೆಯ ಅರ್ಥ ಏನಿತ್ತು ಗೊತ್ತೇನು? ಏನೂ ತಿಳಿಯದ ದಡ್ಡ ಅಂತ! ನೂರಾರು ವರ್ಷ ಹೊರಳಾಡಿ ಈಗ ಚಲೋ ಅಂತ ಆಗ್ಯದ" ಎಂದು ಮುಂದುವರಿಯಿತು. ಕಮಲಾ ಸೌಟು ಕೆಳಗಿಟ್ಟು, "ಈಗ ನೀವು ನನಗ ಹಳೀ ನೈಸ್ ಅಂದ್ರ್ಯೋ, ಹೊಸಾ ನೈಸ್ ಅಂದ್ರ್ಯೋ?" ಎಂದು ಕೇಳಿದಳು. ಉತ್ತರ ಕೊಡಲು ಅರೆಕ್ಷಣ ತಡವಾಯಿತು. ಆಮೇಲೆ ಹುಗ್ಗಿಯ ಮುಖ ನೋಡಿದ್ದು ಮಗಳು ಹುಟ್ಟಿದ ಮೇಲೆಯೇ.

ಆ ಮಗಳ ಹೆಸರು ಸುವರ್ಣಾ. ಭಾಲ್ಕಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಹೋದ ವರ್ಷ ಆಕೆ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಸಂತೋಷ ಎಂಬ ಹುಡುಗನನ್ನು ಮೆಚ್ಚಿರುವುದಾಗಿ ಸ್ಪಷ್ಟವಾಗಿ ಹೇಳಿದಳು. ಹುಡುಗ ಔರಾದದಲ್ಲಿ ದನಗಳ ಡಾಕ್ಟರು. ಊರು ಸಂತಪುರ, ಮನೆತನದ್ದು ಒಕ್ಕಲುತನ. ಒಂದೆರಡು ಸಲ ಭೇಟಿಯಾದೆ. ನಾನು ಶಬ್ದಗಳ ಮಾತು ತೆಗೆದರೆ ತಲೆಯಾಡಿಸುತ್ತ ಕೇಳುತ್ತಿದ್ದ. ಮಾತಾಡದ ಪ್ರಾಣಿಗಳ ಜೊತೆ ಇದ್ದು ತಾಳ್ಮೆ ಕಲಿತಿದ್ದಾನೆಂದು ಸುವರ್ಣಾ ನಕ್ಕಳು. ನನಗೆ ಹುಡುಗ ಬಹಳ ಹಿಡಿಸಿದ. ಇನ್ನು ಹಿರಿಯರು ಕೂತು ಹೂಂ ಎನ್ನುವುದೊಂದೇ ಬಾಕಿ. ಒಂದು ರವಿವಾರ ಅವರೆಲ್ಲ ಬೀದರಕ್ಕೆ ನಮ್ಮ ಮನೆಗೆ ಬರುವುದೆಂದು ನಿಶ್ಚಯವಾಯಿತು.

ಹಿಂದಿನ ದಿನ ಸುವರ್ಣಾ ನನ್ನ ಕುರ್ಚಿಯ ಪಕ್ಕಕ್ಕೆ ಬಂದು ನಿಂತಳು. "ಅಪ್ಪಾ, ನನ್ನದೊಂದು ಮಾತು ನಡೆಸಿಕೊಡ್ತೀಯೇನು? ನಾಳಿ ಅವ್ರು ಇರೋತನ ಯಾವ ಶಬ್ದದ ಹುಟ್ಟೂ ಬ್ಯಾಡ, ಸಾವೂ ಬ್ಯಾಡ. ಹವಾ ಬಗ್ಗಿ ಮಾತಾಡು, ಮಳಿ ಬಗ್ಗಿ ಮಾತಾಡು." ನಾನು ನಕ್ಕು ಆಗಲಿ ಎಂದೆ. ಆಕೆ ನಗಲಿಲ್ಲ. "ಸಂತೋಷನ ಸೋದರಮಾವ ಬಾಬುರಾವ್ ಅಂತ ಬರ್ತಾರ. ಅವ್ರಿಗಿ ಮೊದ್ಲs ಈ ಸಂಬಂಧ ಮನಸ್ಸಿಲ್ಲ, ನೆವ ಹುಡುಕ್ಲತ್ತಾರ. ನೀ ಕೊಡಬ್ಯಾಡ." ಆಕೆಯ ಕೈಮೇಲೆ ಕೈಯಿಟ್ಟು ಭಾಷೆ ಕೊಟ್ಟೆ.

ರವಿವಾರ ಹನ್ನೊಂದಕ್ಕೆ ಬಂದರು. ಹುಡುಗನ ತಂದೆ ಮಾಣಿಕಪ್ಪನವರು ಬಿಳಿ ಧೋತರ, ಬಿಳಿ ಟೊಪ್ಪಿಗೆಯ ಎತ್ತರದ ಆಳು. "ಶರಣು ಶರಣಾರ್ಥಿರಿ ಸರ್" ಎಂದು ಎರಡೂ ಕೈ ಜೋಡಿಸಿದರು. ಅವರ ಹಿಂದೆ ಅವರ ಹೆಂಡತಿ, ಸಂತೋಷ, ಕಡೆಗೆ ಬಾಬುರಾವ್. ಬಾಬುರಾವ್ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ನಮ್ಮ ಮನೆಯ ಗೋಡೆ, ಕಿಟಕಿ, ಫ್ಯಾನುಗಳನ್ನು ಯಾವುದೋ ತಕರಾರು ಅರ್ಜಿಯನ್ನು ಓದಿದಂತೆ ಓದುತ್ತ ಕುಳಿತರು. ನಾನು ಹವೆಯ ಬಗ್ಗೆ ಮಾತಾಡಿದೆ. ಮಳೆಯ ಬಗ್ಗೆ ಮಾತಾಡಿದೆ. ಎರಡೂ ಹತ್ತು ನಿಮಿಷದಲ್ಲಿ ಮುಗಿದವು. ಕಮಲಾ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಂದಿಟ್ಟಳು. ಎಲ್ಲರೂ ತಿನ್ನತೊಡಗಿದರು. ಆಗ ಮಾಣಿಕಪ್ಪನವರು ಸಂಕೋಚದಿಂದ, "ನೋಡ್ರಿ ಸರ್, ನೀವು ಇಂಗ್ಲೀಷ್ ಪ್ರೊಫೆಸರ್. ನಾವು ತೊಗರಿ, ಸೋಯಾ ಬಿತ್ತಾವ್ರು. ನಿಮ್ಮ ಇಂಗ್ಲೀಷಿನಾಗ ನಮ್ಮಂಥವ್ರಿಗಿ ಹೆಸರs ಇರ್ಲಿಕ್ಕಿಲ್ಲ" ಎಂದರು.

ಇಂಥ ಮಾತು ಕೇಳಿ ಸುಮ್ಮನಿರಲು ಕಲ್ಲಾಗಿರಬೇಕು. ಪಾಪ, ಅವರ ಸಂಕೋಚ ಕಳೆಯಬೇಕು ಎಂಬುದಷ್ಟೇ ನನ್ನ ಉದ್ದೇಶ. "ಛೇ ಛೇ, ಹಂಗ್ಯಾಕ ಅಂತೀರಿ! ಭಾಳ ಹಳೇ, ಭಾಳ ಚಂದ ಶಬ್ದ ಅದ ನಿಮಗ. ವಿಲನ್!" ಎಂದೆ.

ಬಾಬುರಾವ್ ಬಾಯಿಗೆ ಒಯ್ಯುತ್ತಿದ್ದ ಭಜಿ ಅಲ್ಲೇ ನಿಂತಿತು. ಚಹದ ಟ್ರೇ ಹಿಡಿದು ಬಾಗಿಲಿಗೆ ಬಂದಿದ್ದ ಸುವರ್ಣಾ ಅಲ್ಲೇ ನಿಂತಳು. ಸಿನಿಮಾ, ಟಿವಿ ನೋಡುವ ಯಾರಿಗೆ ಆ ಶಬ್ದ ಗೊತ್ತಿಲ್ಲ? "ಏನಂದ್ರಿ?" ಎಂದು ಬಾಬುರಾವ್ ಎದ್ದರು. ನಾನು ಗಾಬರಿಯಾಗಿ, "ಹಾಗಲ್ಲ, ಮೂಲದಾಗ ವಿಲನ್ ಅಂದ್ರ ಹೊಲದಾಗ ದುಡಿಯುವವ, ಅಷ್ಟೇ. ಜಮೀನಿನ ದೊಡ್ಡ ಮನೆಗೆ ವಿಲ್ಲಾ ಅಂತಿದ್ರು, ಅಲ್ಲಿ ದುಡಿಯುವವ ವಿಲನ್" ಎಂದೆ. "ಮತ್ತ ಈಗ?" ಎಂದರು ಬಾಬುರಾವ್. ಪಾಠ ಕೇಳುವವರು ಪ್ರಶ್ನೆ ಕೇಳಿದರೆ ಉತ್ತರಿಸುವುದು ನನ್ನ ಜೀವಮಾನದ ರೂಢಿ. "ಈಗೇನಿಲ್ಲ, ಕ್ರಮೇಣ ಅರ್ಥ ಬದಲಾಯ್ತು. ಮೊದಲು ರೈತ, ಆಮೇಲೆ ಕೀಳು ಕುಲದವ, ಆಮೇಲೆ ರೀತಿ ನೀತಿ ಇಲ್ಲದವ, ಆಮೇಲೆ ಲುಚ್ಚಾ..." ಒಂದೊಂದು ಮೆಟ್ಟಿಲು ಇಳಿಯುತ್ತಿದ್ದಂತೆ ಒಂದೊಂದು ಬೆರಳು ಮಡಚುತ್ತಿದ್ದೆ. ನಾಲ್ಕನೆಯ ಬೆರಳಿಗೆ ಕಮಲಾ ನನ್ನ ಕೈಯನ್ನೇ ಹಿಡಿದು ಕೆಳಗಿಳಿಸಿದಳು.

"ನಡೀರಿ ಭಾವ" ಎಂದರು ಬಾಬುರಾವ್. "ಮನಿಗಿ ಕರ್ದು ಇಜ್ಜತ್ ತೆಗೀಲತ್ತಾರ. ಇಂಥಲ್ಲಿ ಹೆಣ್ಣು ತರೋದು ಬ್ಯಾಡ." ನಾನು ಸುವರ್ಣಾಳ ಕಡೆ ನೋಡಿದೆ. ಆಕೆ ನನ್ನ ಮೇಲೆ ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಆಕೆಯ ಕಣ್ಣಲ್ಲಿ ಇದ್ದದ್ದು ಸಿಟ್ಟಲ್ಲ. ಅಪ್ಪನಿಂದ ಇಷ್ಟೇ ಆಗುವುದೆಂದು ಲೆಕ್ಕ ಬಿಡಿಸಿ ಮುಗಿಸಿದವಳ ಹಾಗೆ ನಿಂತಿದ್ದಳು. ಅಷ್ಟು ಶಬ್ದಗಳನ್ನು ಸಾಕಿದವನ ಬಾಯಿಂದ ಮಾಫಿ ಎಂಬ ಒಂದು ಶಬ್ದ ಹೊರಡಲಿಲ್ಲ.

ಮಾಣಿಕಪ್ಪನವರು ಮಾತ್ರ ಕೂತಲ್ಲಿಂದ ಏಳಲಿಲ್ಲ. "ಕುಂಡ್ರು ಬಾಬುರಾವ" ಎಂದು ನನ್ನ ಕಡೆ ತಿರುಗಿದರು. "ಸರ್, ಒಂದು ಮಾತು ಕೇಳ್ತೇನಿ. ಹೊಲದಾಗ ದುಡಿಯಾಂವ ಲುಚ್ಚಾ ಆದ. ಆ ದೊಡ್ಡ ಮನಿ ವಿಲ್ಲಾ ಅಂದ್ರಲ್ಲ, ಅದ್ರ ಅರ್ಥ ಏನಾಯ್ತು?"

"ಅದು ಹಾಗೇ ಉಳೀತ್ರಿ. ಈಗಲೂ ಶ್ರೀಮಂತರ ಮನೆ ಅಂತಲೇ" ಎಂದೆ.

"ಬದ್ಲು ಮಾಡ್ದವ್ರು ಯಾರು?"

"ಬರೆಯೋಕೆ ಬರ್ತಿದ್ದವರು. ಜಮೀನುದಾರರು, ಅವರ ಕಡೆಯವರು."

"ದುಡಿಯಾವ್ರು ಬರೀಲಿಲ್ಲೇನು?"

"ಅವರಿಗೆ ಅಕ್ಷರ ಬರ್ತಿರಲಿಲ್ಲ."

"ಹಾಂ, ಅದs ಮತ್ತ!" ಎಂದು ಮಾಣಿಕಪ್ಪನವರು ತೊಡೆ ತಟ್ಟಿದರು. "ಇದ್ರಾಗ ಸಿಟ್ಟಿಗಿ ಏಳಾದು ಏನದ ಬಾಬುರಾವ? ನಮ್ಮ ಕಡಿ ಗವಾರ ಅಂತ ಬೈತಾರಲ್ಲ. ಗಾಂವ ಅಂದ್ರ ಹಳ್ಳಿ, ಗಾಂವದಾಗ ಇರಾಂವ ಗವಾರ. ಊರಾಗ ಇರಾದು ಯಾವಾಗಿಂದ ಬೈಗಳ ಆಯ್ತು? ಸಂತೋಷ ಸಣ್ಣಾಂವ ಇದ್ದಾಗ ಪಹಣಿ ಸಲುವಾಗಿ ಒಂದು ಆಫೀಸಿಗಿ ಹೋಗಿದ್ದೆ. ಅಲ್ಲಿ ಒಬ್ಬಾಂವ ಪೆನ್ನು ಹಿಡ್ಕೊಂಡು, ತಲಿ ಸುದ್ದಾ ಎತ್ತಲಾರ್ದೆ, 'ಸರೀಯೋ ಗವಾರ' ಅಂದ. ಮನಿಗಿ ಬಂದು ಆವತ್ತs ಈ ಹುಡುಗನ್ನ ಸಾಲಿಗಿ ಹಾಕ್ದೆ. ಪೆನ್ನು ನಮ್ಮ ಮನ್ಯಾಗೂ ಒಂದಿರ್ಲಿ ಅಂತ." ಆಮೇಲೆ ತುಸು ನಕ್ಕು, "ನೀನೂ ಕುರ್ಚಿ ಮ್ಯಾಲಿದ್ದಾಗ ದಿನಾ ಎಷ್ಟ ಮಂದಿಗಿ ಗವಾರ ಅಂದಿದ್ದಿ, ನೆನಪದ ಏನು?" ಎಂದು ಬಾಬುರಾವ್ ಅವರನ್ನು ಕೇಳಿದರು.

ಬಾಬುರಾವ್ ಕೈಯಲ್ಲಿದ್ದ ಭಜಿಯನ್ನು ಒಂದು ಕ್ಷಣ ನೋಡಿ, ಕುಳಿತು ತಿಂದರು.

"ಸರ್, ನೀವು ಎಂದಾದ್ರ ಅಂದೀರೇನ್ರಿ?" ಎಂದು ಮಾಣಿಕಪ್ಪನವರು ನನ್ನನ್ನೂ ಕೇಳಿದರು. "ಛೇ, ನಾನು ಮೇಷ್ಟ್ರು, ಎಂದೂ ಇಲ್ಲ" ಎಂದೆ. ಕಮಲಾ ಜೋರಾಗಿ ಕೆಮ್ಮಿದಳು. ಸಂತೋಷ ತಲೆ ತಗ್ಗಿಸಿ ನಕ್ಕ. ಅವನ ಗೆಳೆಯರು ಒಬ್ಬಿಬ್ಬರು ನನ್ನ ಕ್ಲಾಸಿನಲ್ಲಿ ಕೂತವರು. ದೂರ ದೇಶದ ಶಬ್ದಗಳ ಕುಲಗೋತ್ರವನ್ನೆಲ್ಲ ಬಲ್ಲ ನಾನು, ಕ್ಲಾಸಿನಲ್ಲಿ ದಿನಕ್ಕೆರಡು ಸಲ ಉಗುಳುತ್ತಿದ್ದ ಈ ಶಬ್ದ ಎಲ್ಲಿಂದ ಬಂತೆಂದು ಒಮ್ಮೆಯೂ ವಿಚಾರಿಸಿರಲಿಲ್ಲ. "ಅಂದೀನ್ರಿ" ಎಂದು ಒಪ್ಪಿಕೊಂಡೆ. "ಭಾಳ ಸಲ ಅಂದೀನಿ. ತಪ್ಪಾಯ್ತು. ಇವತ್ತಿಂದೂ ತಪ್ಪಾಯ್ತು." ಮಾಣಿಕಪ್ಪನವರು, "ಛಾ ಆರ್ಲತ್ತದ, ಕೊಡವ್ವ" ಎಂದು ಸುವರ್ಣಾಳನ್ನು ಕರೆದರು. ಆಕೆ ಮೊದಲ ಕಪ್ಪನ್ನು ಅವರ ಕೈಗೆ ಕೊಟ್ಟಳು. ನನಗೆ ಕೊನೆಯದು ಬಂತು. ಅದರಲ್ಲಿ ಸಕ್ಕರೆ ಇರಲಿಲ್ಲ. ನಾನು ಕೇಳಲೂ ಇಲ್ಲ.

ಆ ಕಾರ್ತೀಕದಲ್ಲಿ ಮದುವೆಯಾಯಿತು. ಬಾಬುರಾವ್ ಅವರೇ ಓಡಾಡಿ ಪಂಕ್ತಿಯಲ್ಲಿ ಬಡಿಸಿದರು. ಸುವರ್ಣಾ ಈಗ ಔರಾದದಿಂದ ಶಾಲೆಗೆ ಹೋಗುತ್ತಾಳೆ. ಫೋನಿನಲ್ಲಿ ಮೊದಲು ಅಪ್ಪನನ್ನೇ ಕೇಳುತ್ತಾಳೆ, ಅದೇ ನನಗೆ ದೊಡ್ಡದು.

ಈ ಸಲದ ಮಳೆಗಾಲದಲ್ಲಿ ಸಂತಪುರಕ್ಕೆ ಹೋಗಿದ್ದೆ. ಮಾಣಿಕಪ್ಪನವರ ತೊಗರಿ ಹೊಲದಲ್ಲಿ ಹೆಂಗಸರು ಕಳೆ ತೆಗೆಯುತ್ತಿದ್ದರು. ಬೀಗರು ಬೇಡ ಬೇಡವೆಂದರೂ ನಾನು ಪ್ಯಾಂಟು ಮಡಚಿ ಒಂದು ಸಾಲು ಹಿಡಿದೆ. ಅರ್ಧ ತಾಸು ಬೆನ್ನು ಬಗ್ಗಿಸಿ ದುಡಿದು, ಕಿತ್ತದ್ದನ್ನೆಲ್ಲ ಅಚ್ಚುಕಟ್ಟಾಗಿ ಗುಂಪು ಹಾಕಿ, ಹೊಗಳಿಕೆಗಾಗಿ ತಲೆಯೆತ್ತಿದೆ. ಪಕ್ಕದ ಸಾಲಿನ ಮುದುಕಿ ಬಂದು ಆ ಗುಂಪನ್ನು ನೋಡಿದಳು. ಅದರಲ್ಲಿದ್ದದ್ದು ಎಳೆ ತೊಗರಿ. ಕಳೆಯೆಲ್ಲ ಸಾಲಿನಲ್ಲಿ ಸುಖವಾಗಿ ನಿಂತಿತ್ತು.

ಆಕೆ ಬೈಯಲಿಲ್ಲ. ಮಾಣಿಕಪ್ಪನವರ ಕಡೆ ತಿರುಗಿ, "ಈ ಸಾಹೇಬ್ರು ಎಲ್ಲೀತನ ಸಾಲಿ ಕಲ್ತಾರ್ರಿ?" ಎಂದು ಕೇಳಿದಳು.

"ಎಂ.ಎ. ಆಗ್ಯಾರ. ಇಂಗ್ಲೀಷಿನಾಗ."

"ಅಯ್ಯ, ಹಂಗಾರ ಪಾಪ ಅವ್ರದೇನ್ ತಪ್ಪದ" ಎಂದು ಮುದುಕಿ ನನ್ನ ಕೈಯ ಮಣ್ಣು ಒರೆಸಿ, ಬೇವಿನ ಗಿಡದ ನೆರಳಿಗೆ ಕರೆದೊಯ್ದು ಕೂರಿಸಿ, ಒಂದು ಚೆಂಬು ಮಜ್ಜಿಗೆ ಕೊಟ್ಟಳು. ಮಜ್ಜಿಗೆ ಬಹಳ ಚೆನ್ನಾಗಿತ್ತು. ಏನಾದರೂ ಹೇಳೋಣವೆಂದು ಬಾಯಿ ತೆರೆದವನು, ಬರಿಯ ಮಜ್ಜಿಗೆ ಕುಡಿದು ಮುಚ್ಚಿಕೊಂಡೆ.