ಒಂದು ಕೈ ಜೇಬಿನಲ್ಲಿ

"ಊರಿಗೆಲ್ಲ ಅಪಾಯದ ಪಾಠ ಹೇಳೋನು ನಾನು! ನನಗೇ ಬುದ್ಧಿ ಹೇಳ್ತೀಯಾ?" ಎನ್ನುತ್ತ ವಿಮಾ ಏಜೆಂಟರು ಸ್ಕ್ರೂಡ್ರೈವರನ್ನು ಖಡ್ಗದಂತೆ ಎತ್ತಿ ಹಿಡಿದರು.

ಅವರ ಹೆಂಡತಿ ಗಿಟಾರ್ ಕಲಿಸುವ ಟೀಚರು. ಸಂಜೆ ಆಕೆಯ ಕಾರ್ಯಕ್ರಮ. ಬೆಳಗ್ಗೆಯಿಂದ ಆಕೆಯ ಹಳೇ ವಾಲ್ವ್ ಆಂಪ್ಲಿಫೈಯರ್ ಮೌನವ್ರತ ಹಿಡಿದು ಕೂತಿತ್ತು.

"ಮೆಕ್ಯಾನಿಕ್ಕನ್ನ ಕರೀರಿ ಅಂದ್ರೆ ಕೇಳಲ್ಲ. ಪ್ಲಗ್ ಕಿತ್ತರೂ ಕೆಪಾಸಿಟರಲ್ಲಿ ನೂರಾರು ವೋಲ್ಟ್ ಅಡಗಿ ಕೂತಿರುತ್ತೆ, ಗೊತ್ತಾ?"

"ಗೊತ್ತು ಕಣೇ! ವಿಡಿಯೊ ನೋಡಿ ಅರೆದು ಕುಡಿದಿದ್ದೀನಿ."

ಕುಡಿದದ್ದು ಸುಳ್ಳಲ್ಲ. ಏಜೆಂಟರು ಪ್ಲಗ್ ಕಿತ್ತು ಕಣ್ಣೆದುರೇ ಇಟ್ಟುಕೊಂಡರು. ವಾಚು, ಉಂಗುರ ಬಿಚ್ಚಿದರು. ರಬ್ಬರ್ ಚಪ್ಪಲಿ ಮೆಟ್ಟಿದರು. ಕೆಪಾಸಿಟರಿನ ಚಾರ್ಜನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿಟ್ಟು ನೋಡಿದರು. ಸೊನ್ನೆ! ಹೆಂಡತಿಯೂ ಬಗ್ಗಿ ನೋಡಿದಳು. ಸೊನ್ನೆಯೇ! ಕೊನೆಗೆ ಎಡಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿದರು.

"ಇದೇನ್ರೀ ಈ ಭಂಗಿ? ಫೋಟೊ ತೆಗೀಬೇಕಾ?"

"ಎರಡೂ ಕೈ ಒಳಗಿಟ್ರೆ ಕರೆಂಟು ಎದೆ ದಾಟಿಕೊಂಡು ಹೋಗುತ್ತೆ. ಒಂದು ಕೈ ಜೇಬಲ್ಲಿದ್ರೆ ಯಮನಿಗೂ ದಾರಿ ಬಂದ್!"

ಬಲಗೈ ಒಂದು ತಂತಿಯನ್ನು ಮುಟ್ಟಿತು. ಅದೇ ಗಳಿಗೆಯಲ್ಲಿ ಎಡಗೈ ಜುಂ ಎಂದಿತು!

"ಅಯ್ಯಯ್ಯೋ, ಹಿಡ್ಕೊಂಡ್‌ಬಿಡ್ತು ಕಣೇ!"

ಏಜೆಂಟರು ಎಗರಿದರು. ಸ್ಟೂಲು ಉರುಳಿತು. ಬಿಗಿ ಜೇಬಿನಿಂದ ಕೈ ಬಾರದು, ಜುಂ ನಿಲ್ಲದು. ಬೀಳುವಾಗ ಆಸರೆಗೆಂದು ಹಿಡಿದ ಪರದೆ, ಸರಳಿನ ಸಮೇತ ಅವರ ಮೇಲೇ ಇಳಿಯಿತು.

"ಬರಿಗೈಲಿ ಮುಟ್ಬೇಡ! ನೀನೂ ಹೋಗ್ತೀಯಾ! ಮರದ ಕೋಲು ತಗೋ!" ಪರದೆಯೊಳಗಿಂದ ಅಪ್ಪಣೆಯಾಯಿತು.

ಹೆಂಡತಿ ನೆಲ ಒರೆಸುವ ಕೋಲು ತಂದಳು. ಗಂಡನನ್ನು ಕರೆಂಟಿನಿಂದ ಬಿಡಿಸಲು ಮೆಲ್ಲಗೆ ತಳ್ಳಬೇಕೆಂದೇ ಇದ್ದಳು, ಪಾಪ. ಆದರೆ ಪರದೆಯಲ್ಲಿ ಯಾವುದು ತಲೆ, ಯಾವುದು ಬೆನ್ನು ಎಂದು ಹೇಗೆ ತಿಳಿಯಬೇಕು? ಗಾಬರಿಗೆ ಬಲವೂ ತುಸು ಹೆಚ್ಚೇ ಬಿತ್ತು. ಟಪ್!

ಏಜೆಂಟರು ಸುಮ್ಮನಾದರು. ಜೇಬು ಮಾತ್ರ ಜುಂ ಎನ್ನುತ್ತಲೇ ಇತ್ತು.

ಹೆಂಡತಿ ಪರದೆ ಸರಿಸಿ, ಗಂಡನ ಕೈ ಬಿಡಿಸಿ, ಜೇಬಿನಿಂದ ಫೋನು ಹೊರಗೆಳೆದಳು.

"ಹಲೋ ಅತ್ತೆ... ಇವರಾ? ಇಲ್ಲೇ ಮಲಗಿದ್ದಾರೆ."

ಸಡಿಲವಾಗಿದ್ದ ಒಂದು ಗಾಜಿನ ವಾಲ್ವನ್ನು ಆಕೆಯೇ ಒತ್ತಿ ಕೂರಿಸಿದಳು. ಮುಚ್ಚಳ ಹಾಕಿ ಪ್ಲಗ್ ಚುಚ್ಚಿದೊಡನೆ ಆಂಪ್ಲಿಫೈಯರ್ ಗುಂಯ್‌ಗುಟ್ಟಿತು. ಗಂಡ ಹಣೆ ಹಿಡಿದುಕೊಂಡು ಆಕೆಯೊಂದಿಗೆ ದವಾಖಾನೆಗೆ ಹೊರಟರು.

ಡಾಕ್ಟರು ಹೊಲಿಗೆ ಹಾಕುತ್ತ ಕನಿಕರದಿಂದ ಕೇಳಿದರು: "ಆಂಪ್ಲಿಫೈಯರ್ ಬಿಚ್ಚಿದ್ರಂತೆ. ಶಾಕ್ ಹೊಡೀತಾ?"

ಏಜೆಂಟರು ಬಾಗಿಲ ಬಳಿ ನಿಂತಿದ್ದ ಹೆಂಡತಿಯನ್ನೊಮ್ಮೆ ನೋಡಿ, ದನಿ ತಗ್ಗಿಸಿದರು.

"ಇಲ್ಲ ಡಾಕ್ಟ್ರೇ. ಅದು ಹೊಡೀಲಿಲ್ಲ. ಇವಳು ಹೊಡೆದಳು."