ಮಾತಾಡಿಸಲು ಹೋದವನು

"ಔರಾದಕ್ಕ ಹೋಗಿ ನಾಗಸೇನಗ ಮಾತಾಡ್ಸಿ ಬರೋಣ. ಆದ್ರ ಉತ್ತಮ, ನೀ ಅಲ್ಲಿ ಮಾತಾಡಬ್ಯಾಡ," ಎಂದರು ಹೆಡ್ ಕ್ಲರ್ಕ್ ಶಿವರಾಜಪ್ಪ.

ಸಾವಾದ ಮನೆಗೆ ಹೋಗಿಬರುವುದಕ್ಕೆ ಮಾತಾಡಿಸುವುದು ಎಂದೇ ಹೆಸರು. ಮಾತಾಡದೆ ಮಾತಾಡಿಸುವುದು ಹೇಗೆಂದು ಉತ್ತಮನಿಗೆ ತಿಳಿಯಲಿಲ್ಲ. ಬೀದರಿನ ಆ ಕಚೇರಿಯಲ್ಲಿ ಅವನ ಜೊತೆ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದವನು ನಾಗಸೇನ ಒಬ್ಬನೇ. ಈಗ ನಾಗಸೇನನ ತಂದೆ ಕಾಶೀರಾಮ ತೀರಿಕೊಂಡಿದ್ದ. ಹೋದ ತಿಂಗಳು ಇಂಥದೇ ಮನೆಯಲ್ಲಿ ಉತ್ತಮ, "ಉಸಿರು ಎಷ್ಟ ಗಂಟೆ ಎಷ್ಟ ನಿಮಿಷಕ್ಕ ನಿಂತಿತ್ರಿ?" ಎಂದು ಕೇಳಿ ಎಲ್ಲರ ಕೈಲಿ ಬೈಸಿಕೊಂಡಿದ್ದ. ಇರುವ ಒಬ್ಬ ಗೆಳೆಯನನ್ನೂ ಹಾಗೇ ಕಳೆದುಕೊಂಡರೆ ಗತಿಯೇನೆಂದು ಅವನಿಗೆ ದಿಗಿಲು.

ಜೀಪಿನಲ್ಲಿ ಸಹೋದ್ಯೋಗಿ ಮುಸ್ತಕೀಮನ ತನಿಖೆ ಶುರುವಾಯಿತು. "ನಮ್ಮಕ್ಕನ ಮಗಗೂ ಆಟಿಸಂ ಅದ. ಅಂವ ಒಂದ ಮಾತೂ ಆಡಲ್ಲ. ನೀ ನೋಡಿದ್ರ ರೇಡಿಯೋ! ನಿಂದು ಖರೇ ಆಟಿಸಂ ಹೌದೇನೋ?"

"ಕುಕ್ಕರ್ ಸೀಟಿ ಹೊಡದ್ರ ಅಂವ ಏನ್ ಮಾಡ್ತಾನರಿ?"

"ಕಿವಿ ಮುಚ್ಕೊಂಡು ಚೀರ್ತಾನ."

"ಸೀಟಿಗಿ ನನಗೇನೂ ಆಗಲ್ಲರಿ. ಟ್ಯೂಬ್‌ಲೈಟ್ ಮಿಣಮಿಣ ಅಂದ್ರ ತಲಿ ಸಿಡಿತದ. ಅಂವಂದೂ ಖರೇನೇ, ನಂದೂ ಖರೇನೇ."

"ಸಾಕಪಾ. ಅಲ್ಲಿ ಬಾಯಿ ತೆಗಿಬ್ಯಾಡ," ಎಂದರು ಶಿವರಾಜಪ್ಪ.

ಹಾಗೆಂದರೆ ಮಾತಾಡಬೇಡ ಎಂದಷ್ಟೇ ಅರ್ಥ, ಉತ್ತಮನಿಗೆ ಅದು ಗೊತ್ತಿಲ್ಲದ್ದಲ್ಲ. ಆದರೂ ಇವತ್ತು ಎಲ್ಲೂ ತಪ್ಪಾಗುವುದು ಬೇಡವೆಂದು, ಸಾವಿನ ಮನೆಯಲ್ಲಿ ಹೊಲಿದ ಚೀಲದಂತೆ ತುಟಿ ಬಿಗಿದು ಕೂತ. ಪಕ್ಕದ ಮನೆಯ ಸತ್ಯಮ್ಮ ಚಹಾ ಕೊಟ್ಟರೆ ಅದಕ್ಕೂ ಬಾಯಿ ತೆಗೆಯಲಿಲ್ಲ.

"ಅಯ್ಯ, ಹಲ್ಲ ನೋಯ್ತದೇನೋ ಪಾಪ," ಎಂದು ಆಕೆ ಲವಂಗ ತಂದಳು. ಉತ್ತಮ ಒಲ್ಲೆನೆಂದು ತಲೆಯಾಡಿಸಿದ. ದವಡೆಯೇ ಹಿಡಿದಿರಬೇಕೆಂದು ಹೆಂಗಸರೆಲ್ಲ ಗಾಬರಿಯಾದರು.

ಇತ್ತ ಶಿವರಾಜಪ್ಪ, "ನಿಮ್ಮಪ್ಪ ದೇವರಂಥಾ ಮನಷ್ಯಾ. ಒಂದಿನ ಯಾರಿಗೂ ಏರುದನಿಲೆ ಮಾತಾಡಿದಾಂವಲ್ಲ," ಎಂದರು. ಅವರು ಕಾಶೀರಾಮನನ್ನು ಕಂಡೇ ಇರಲಿಲ್ಲ. ಬೆಳಗಿನಿಂದ ಇಂಥವನ್ನೇ ಕೇಳಿ ಸೋತಿದ್ದ ನಾಗಸೇನ ಉತ್ತಮನತ್ತ ತಿರುಗಿದ.

"ಉತ್ತಮ, ನೀ ಎರಡ ಸಲ ಮನಿಗಿ ಬಂದಿದ್ದಿ. ನೀನರೆ ಖರೇ ಹೇಳೋ, ನಮ್ಮಪ್ಪ ಹ್ಯಾಂಗಿದ್ದ?"

ಗೇಟು ಹಾಕದೆ ಬಂದನೆಂದು ಕಾಶೀರಾಮ ಮೊದಲ ಸಲ ಬಾಯಿಗೆ ಬಂದಂತೆ ಬೈದದ್ದು, ಎರಡನೇ ಸಲ ಬೈಯುತ್ತ ಬೈಯುತ್ತಲೇ ಇವನ ಹರಿದ ಚೀಲದ ಪಟ್ಟಿ ಹೊಲಿದುಕೊಟ್ಟದ್ದು, ಎಲ್ಲವೂ ಉತ್ತಮನ ಗಂಟಲಿಗೆ ಬಂತು. ಎದುರಿಗೆ ಶಿವರಾಜಪ್ಪ ತುಟಿಗೆ ಬೆರಳಿಟ್ಟರು. ಉತ್ತಮ ನುಂಗಿಕೊಂಡ. ನಾಗಸೇನ ಸ್ವಲ್ಪ ಹೊತ್ತು ಕಾದು, ಗೋಡೆಯತ್ತ ಮುಖ ತಿರುಗಿಸಿದ.

ಮರಳಿ ಬರುವಾಗ ಜೀಪಿನಲ್ಲಿ ಹಬ್ಬ. "ಶಬ್ಬಾಸ್! ಇವತ್ತ ನೀ ಎಲ್ಲಾರಂಗ ಇದ್ದಿ ನೋಡು!" ಎಂದು ಮುಸ್ತಕೀಮ ಬೆನ್ನು ತಟ್ಟಿದ.

ಅಷ್ಟರಲ್ಲಿ ಉತ್ತಮನ ಮೊಬೈಲಿಗೆ ನಾಗಸೇನನ ಮೆಸೇಜು ಬಂತು: "ಎಲ್ಲಾರೂ ಸುಳ್ಳ ಹೇಳಿದ್ರು. ನೀ ಒಬ್ಬಾಂವ ಖರೇ ಹೇಳ್ತಿ ಅಂತ ಕಾದೆ. ನೀನೂ ಅವರಂಗೇ ಆದಿ. ಇನ್ನ ಮ್ಯಾಲ ನನ್ನ ಜೊತಿ ಊಟಕ್ಕ ಕೂಡಬ್ಯಾಡ."

ಉತ್ತಮನ ಕಣ್ಣು ತುಂಬಿತು. ಅದನ್ನು ಕಂಡು ಶಿವರಾಜಪ್ಪನವರ ಮುಖ ಅರಳಿತು.

"ಅಳೂದೂ ಕಲ್ತಿ! ಸೋಮವಾರ ಭಾಲ್ಕಿದಾಗ ಇನ್ನೊಂದ ಮನಿಗಿ ಮಾತಾಡ್ಸಲಾಕ ಹೋಗೋದದ. ನಿನಗೇ ಮುಂದ ಕೂಡಸ್ತೇನಿ."